ಮೆಲ್ಲಗೆ ಹಾಕಿದ ಚಿಲಕ

ಬೆಳಕು ಹರಿಯುವ ಮುಂಚೆ ಕಣಕಟ್ಟೆಯ ಮಹದೇವಮ್ಮ ಬಾಗಿಲಿಗೆ ನೀರು ಹಾಕಬೇಕು, ಹಂಡೆಗೆ ಉರಿ ಮಾಡಬೇಕು, ಕೊಟ್ಟಿಗೆ ಬಾಚಿ ಹಾಲು ಕರೆಯಬೇಕು, ಗಂಡ ರೇವಣಸಿದ್ದಪ್ಪನ ಲಿಂಗಪೂಜೆಗೆ ವಿಭೂತಿ, ಪತ್ರೆ, ನೀರು ಅಣಿಮಾಡಬೇಕು, ರೊಟ್ಟಿಗೆ ಹಿಟ್ಟು ಕಲಸಬೇಕು. ಯಾರೂ ಕೆಲಸವೆಂದು ಎಣಿಸದ ಇನ್ನೊಂದು ಕೆಲಸವೂ ಇತ್ತು. ಕಿವಿಗೊಡುವುದು. ಅವನು ಹೇಗೆ ಕೆಮ್ಮಿದ, ಚಪ್ಪಲಿ ಹೇಗೆ ಬಿಟ್ಟ, ಚಿಲಕ ಹೇಗೆ ಹಾಕಿದ.

ರೇವಣಸಿದ್ದಪ್ಪ ಕೊಬ್ಬರಿ ವ್ಯಾಪಾರಿ. ಅಟ್ಟದಿಂದ ಇಳಿಸಿದ ಕಾಯನ್ನು ಕಿವಿಯ ಹತ್ತಿರ ಕುಲುಕಿ, ಒಳಗೆ ಒಣಗಿದೆಯೋ ಇಲ್ಲವೋ ಎಂದು ಒಡೆಯದೆಯೇ ಹೇಳುತ್ತಿದ್ದ. ಅರಸೀಕೆರೆಯಲ್ಲಿ ಅದಕ್ಕೆ ಹೆಸರಾಗಿದ್ದ. ಮಹದೇವಮ್ಮ ಅವನನ್ನು ತಿಳಿದಿದ್ದೂ ಹಾಗೆಯೇ. ಚಿಲಕ ಧಡಾರನೆ ಬಿದ್ದರೆ ಸಿಟ್ಟು ಬೈಗುಳದಲ್ಲಿ ಮುಗಿಯುತ್ತಿತ್ತು. ಮೆಲ್ಲಗೆ ಹಾಕಿದ ದಿನ ಕೈ ಏಳುತ್ತಿತ್ತು. ನೆರೆಯವರಿಗೆ ಕೇಳಬಾರದಲ್ಲ.

2003ರ ಬೇಸಿಗೆಯಲ್ಲಿ ಅವನ ತಂಗಿಯ ಮಗಳು ಶರ್ಮಿಳಾ ಮೈಸೂರಿನಿಂದ ಲ್ಯಾಪ್‌ಟಾಪ್ ತಂದಳು. ಮನುಷ್ಯರಂತೆಯೇ ಅರ್ಥಮಾಡಿಕೊಳ್ಳುವ ಪ್ರೋಗ್ರಾಮ್ ಬರೆಯುವುದು ಅವಳ ಓದಿನ ಭಾಗ.

"ಅತ್ತೆ, ಒಂದೊಂದು ಸಣ್ಣ ಕಥೆ ಬರುತ್ತೆ. ಅದರಲ್ಲಿರೋರ ಮನಸ್ಸಲ್ಲಿ ಏನಿದೆ ಅಂತ ಇದೇ ಊಹೆ ಮಾಡುತ್ತೆ. ಸರಿಯಿದ್ರೆ ಹಸಿರು ಚೀಟಿ ಅಂಟ್ಸಿರೋ ಕೀ ಒತ್ತಿ, ತಪ್ಪಿದ್ರೆ ಕೆಂಪು. ನೀವು ಒತ್ತಿದ್ದು ನೋಡ್ಕೊಂಡು ಅದು ತನ್ನನ್ನ ತಿದ್ಕೊಳ್ಳುತ್ತೆ."

ಜಗಲಿಯಲ್ಲಿ ಕಾಯಿ ಕುಲುಕುತ್ತಿದ್ದ ರೇವಣಸಿದ್ದಪ್ಪ ನಕ್ಕ. "ಒಲೆ ಮುಂದೆ ಕೂರೋಳಿಗೆ ಏನ್ ಗೊತ್ತೈತೆ ಅಂತ ಕೇಳ್ತೀಯೇ? ನಿನ್ ಮಿಷಿನ್ನು ಕೆಟ್ಟೋದೀತು."

"ಕೆಡಲ್ಲ ಬಿಡಿ ಮಾವ. ಸಂಜೆ ಅತ್ತೆ ಒತ್ತಿರೋದನ್ನ ನಿಮಗೂ ತೋರಿಸ್ತೀನಿ. ಯಾವುದು ಯಾಕೆ ತಪ್ಪು ಅಂತ ಅವರೇ ಹೇಳ್ತಾರೆ," ಎಂದು ಶರ್ಮಿಳಾ ಸ್ನಾನಕ್ಕೆ ಹೋದಳು.

ಮೊದಲ ಕಥೆಯಲ್ಲಿ ಹಾಲು ಉಕ್ಕಿದಾಗ ಅಡುಗೆಯವಳಿಗೆ ಖುಷಿಯಾಯಿತು ಎಂದು ಯಂತ್ರ ಊಹಿಸಿತ್ತು. ಮಹದೇವಮ್ಮನಿಗೆ ತಡೆಯಲಾಗದೆ ನಗು ಬಂತು, ಗಟ್ಟಿಯಾಗಿಯೇ ಬಂತು. ಕೆಂಪು ಒತ್ತಿದಳು.

ಜಗಲಿಯಲ್ಲಿ ಕಾಯಿಯ ಸದ್ದು ನಿಂತಿತು.

ತನ್ನ ಮಾತಿಗೇ ನಕ್ಕಳೆಂದುಕೊಂಡನೇನೋ. ಅಷ್ಟರಲ್ಲಿ ಪರದೆಯ ಮೇಲೆ ಹೊಸ ಕಥೆ ಬಂದಿತ್ತು. ಗಂಡ ಒಳಗೆ ಬಂದು ಚಿಲಕವನ್ನು ಮೆಲ್ಲಗೆ ಹಾಕಿದ. ಹೆಂಡತಿಗೆ ಏನನ್ನಿಸಿತು? ಕೆಳಗೆ ಯಂತ್ರದ ಊಹೆ: ತನ್ನ ನಿದ್ದೆ ಕೆಡದಿರಲೆಂದು ಹಾಗೆ ಮಾಡಿದನೆಂದು ಅವಳಿಗೆ ಸಂತೋಷವಾಯಿತು.

ಕೈಯ ಹಿಟ್ಟು ಒಣಗಿ ಬಿರಿಯುತ್ತಿತ್ತು. ಕೆಂಪು ಒತ್ತಿದರೆ ಸಂಜೆ ಶರ್ಮಿಳಾ ಅವನೆದುರಿಗೇ ಕೇಳುತ್ತಾಳೆ, ಯಾಕತ್ತೆ ತಪ್ಪು ಅಂತ. ಶರ್ಮಿಳಾ ನಾಳಿದ್ದು ಊರಿಗೆ ಹೋಗುತ್ತಾಳೆ. ಅವನು ಇಲ್ಲೇ ಇರುತ್ತಾನೆ. ಹಸಿರು ಒತ್ತಿದರೆ ಏನೂ ಆಗುವುದಿಲ್ಲ. ಯಂತ್ರ ಮಾತ್ರ ಅದನ್ನೇ ಕಲಿತುಕೊಂಡು ಮೈಸೂರಿಗೆ ಹೋಗುತ್ತದೆ. ಯಾವ ಹೆಂಗಸು ಚಿಲಕದ ಸದ್ದಿಗೆ ಉಸಿರು ಹಿಡಿದರೂ, ಸಂತೋಷ ಎಂದೇ ಹೇಳುತ್ತದೆ.

ಬೆರಳು ಹಸಿರಿನ ಮೇಲೆ ಹೋಯಿತು.

ಹಿಂದೆ ಬಾಗಿಲು ಮುಚ್ಚಿಕೊಂಡ ಸದ್ದು ಕೇಳಲಿಲ್ಲ. ಗೋಡೆಯ ಮೇಲಿನ ಬೆಳಕು ಮಾತ್ರ ಸಣ್ಣಗಾಗುತ್ತಾ ಬಂತು. ಆಮೇಲೆ ಚಿಲಕ ಮೆಲ್ಲಗೆ ಬಿತ್ತು. ಬಚ್ಚಲಿನಲ್ಲಿ ಇನ್ನೂ ನೀರು ಸುರಿಯುತ್ತಿತ್ತು.

ಮಹದೇವಮ್ಮ ತಿರುಗಿ ನೋಡಲಿಲ್ಲ. ಬೆರಳನ್ನು ಸೆರಗಿಗೆ ಒರೆಸಿಕೊಂಡು ಕೆಂಪು ಒತ್ತಿದಳು.