ಅಮ್ಮನಿಗೆ ಆಗಿಬರದ ಕಿಕ್ಕರ್

ನನ್ನ ಮೋಟಾರ್ ಬೈಕು ಕಿಕ್ ಹೊಡೆದಾಗಲೆಲ್ಲ ಹಲ್ಲು ಕಡಿಯುತ್ತಿತ್ತು. ಕರ್ರ್ರ್ ಎನ್ನುವ ಆ ಶಬ್ದ ಕಡೂರಿನ ನಮ್ಮ ಬೀದಿಗೆಲ್ಲ ಪರಿಚಿತ. ಆದರೆ ಅದು ಅಪಶಕುನ ಎಂದು ಕಂಡುಹಿಡಿದವರು ನಮ್ಮಮ್ಮ.

ಕಳೆದ ವಾರ ಅಜ್ಜಂಪುರಕ್ಕೆ ಹೊರಟಿದ್ದೆ. ತಂಗಿ ಗಿರಿಜೆಯನ್ನು ನೋಡಿಕೊಂಡು ಹೋದ ಹುಡುಗನ ಮನೆಗೆ ನಮ್ಮ ಒಪ್ಪಿಗೆ ತಿಳಿಸಬೇಕಿತ್ತು. ಇಂಥ ಮಾತನ್ನು ಮನೆಯವರೇ ಹೋಗಿ, ಎಲೆ ಅಡಿಕೆ ಕೊಟ್ಟು ಹೇಳಬೇಕು. ಕಿಕ್ ಹೊಡೆದೆ. ಕರ್ರ್ರ್.

"ನಿಲ್ಲೋ," ಎಂದರು ಅಮ್ಮ ಬಾಗಿಲಿನಿಂದ. "ಒಳ್ಳೇ ಕೆಲ್ಸಕ್ಕೆ ಹೊಂಟಾಗ ಅದೇನೋ ಅದು, ಗಾಡಿ ಹಲ್ ಕಡಿಯೋದು? ಒಳಗ್ ಬಾ. ಕೂತು ನೀರ್ ಕುಡ್ದು ಹೋಗು."

ಕೂತೆ, ಕುಡಿದೆ, ಮತ್ತೆ ಕಿಕ್ ಹೊಡೆದೆ. ಮತ್ತೆ ಕರ್ರ್ರ್. ಮತ್ತೆ ನೀರು. ಅಷ್ಟರಲ್ಲಿ ರಾಹುಕಾಲ ಬಂತು, ಪ್ರಯಾಣ ನಿಂತಿತು. (ಬಸ್ಸಿಗೆ ಹೋಗಬಾರದಿತ್ತೇ ಎನ್ನುತ್ತೀರಾ? ಬಸ್ಸಿನಲ್ಲಿ ಯಾರು ಒಂಟಿ ಸೀನು ಸೀನುತ್ತಾರೋ ಎಂಬ ಭಯ ಅಮ್ಮನಿಗೆ.)

ಆಮೇಲೆ ಹುಡುಗನ ಕಡೆಯವರು ಬಸ್ ಕಂಡಕ್ಟರ್ ಕೈಲಿ ಹೇಳಿಕಳಿಸಿದರು. ಸೋಮವಾರದೊಳಗೆ ಉತ್ತರ ಬರದಿದ್ದರೆ ತರೀಕೆರೆಯಲ್ಲಿ ಇನ್ನೊಂದು ಹೆಣ್ಣು ನೋಡುತ್ತಾರಂತೆ. ಗಿರಿಜೆ ತೊಳೆದ ಲೋಟವನ್ನೇ ಮತ್ತೆ ತೊಳೆಯುತ್ತಾ ನಿಂತಳು. ಹುಡುಗ ಅವಳಿಗೆ ಹಿಡಿಸಿದ್ದ. ನನಗೆ ಸಂಕಟವಾಯಿತು.

ಗಾಡಿಯನ್ನು ಮೆಕ್ಯಾನಿಕ್ ಬಾಷಾನ ಹತ್ತಿರ ಒಯ್ದೆ. ಬಾಷಾ ಬೆರಳು ತೋರಿಸಿದರೆ ಹಸ್ತ ನುಂಗುವ ಆಸಾಮಿ.

"ಕಿಕ್ ಗೇರ್ ಹಲ್ಲು ಸವ್ದು ಹೋಗೈತೆ ಸಾರ್. ಚೈನೂ ಜೋತಾಡ್ತೈತೆ. ಅದನ್ನ ತಿರುಗ್ಸೋ ಸ್ಪ್ರಾಕೆಟ್ ಬ್ಯಾರೆ ಹೋಗೈತೆ."

"ಅಜ್ಜಂಪುರಕ್ಕೆ ಹೋಗೋಕೆ ಅಮ್ಮ ಬಿಡ್ತಿಲ್ಲ, ಶಬ್ದ ನಿಂತ್ರೆ ಸಾಕು ಮಾರಾಯ."

"ಆಯ್ತು ಬಿಡಿ. ನಾಳೆ ಅಜ್ಜಂಪುರದ ದಾರೀಲಿ ಚೈನ್ ಕಿತ್ಕೊಂಡ್ರೆ ನಿಮ್ಮಮ್ಮ ಏನಂತಾರೆ?"

ಅದನ್ನು ನೆನೆದೇ ಒಪ್ಪಿಕೊಂಡೆ. ಹೊಸ ಕಿಕ್ ಗೇರು, ಮೊದಲಿಗಿಂತ ಗಟ್ಟಿ ಚೈನು, ಹಿಂದೆ ಮುಂದೆ ಹೊಸ ಸ್ಪ್ರಾಕೆಟ್ಟು. ಗಾಡಿಗೇ ಮದುವೆ ಮಾಡಿದ ಹಾಗಾಯಿತು.

ಸೋಮವಾರ ಬೆಳಿಗ್ಗೆ ಕಿಕ್ ಹೊಡೆದೆ. ಬೆಣ್ಣೆಯಿಂದ ಕೂದಲು ತೆಗೆದಂತೆ ಸ್ಟಾರ್ಟ್ ಆಯಿತು. ಕರ್ರ್ರ್ ಇಲ್ಲ, ಏನಿಲ್ಲ. ಅಮ್ಮನ ಮುಖ ಅರಳಿತು. ಅರಳಿದ್ದೇ ತಡ, ಸೀನು ಬಂತು.

ಸೀನಿದ್ದು ಅಮ್ಮನೇ. ಅದೂ ಒಂಟಿ ಸೀನು.

ಒಂದು ಸೀನು ಕೆಟ್ಟದ್ದು, ಎರಡಾದರೆ ಶುಭ. ಇದು ನಮ್ಮ ಮನೆಯ ಕಾನೂನು, ಮಾಡಿದವರೂ ಅಮ್ಮನೇ. ನಾನು ಎಂಜಿನ್ ಆಫ್ ಮಾಡಿದೆ. ಅಮ್ಮ ಒಮ್ಮೆ ಗಿರಿಜೆಯ ಮುಖ ನೋಡಿದರು. ಸೀದಾ ಒಳಗೆ ಹೋಗಿ, ಅಜ್ಜಿಯ ನಶ್ಯದ ಡಬ್ಬಿ ತಂದು, ಒಂದು ಚಿಟಿಕೆ ಏರಿಸಿದರು. ಬೀದಿಗೆಲ್ಲ ಕೇಳುವ ಹಾಗೆ ಇನ್ನೊಂದು ಸೀನು ಬಂತು.

"ಜೋಡಿ ಆಯ್ತು. ಹೊರಡಪ್ಪ, ಹೊತ್ತಾಯ್ತು," ಎಂದರು ಕಣ್ಣೊರೆಸಿಕೊಳ್ಳುತ್ತಾ.

ಎಲೆ ಅಡಿಕೆ ಕೊಟ್ಟು ಬಂದೆ. ಹುಡುಗನ ಮನೆಯವರಿಗೂ ಸಂತೋಷ, ನನ್ನ ಮನಸ್ಸೂ ಹಗುರ. ದಾರಿಯುದ್ದಕ್ಕೂ ಹೊಸ ಚೈನು ಚಕಾರ ಎತ್ತಲಿಲ್ಲ. ಈಗ ನನಗಿರುವುದು ಒಂದೇ ಪ್ರಶ್ನೆ: ಶಕುನದ ಸ್ಪೇರ್ ಪಾರ್ಟು ಅಜ್ಜಿಯ ಡಬ್ಬಿಯಲ್ಲೇ ಇತ್ತಲ್ಲ, ನಾನು ಬಾಷಾನ ಹತ್ತಿರ ಹೋದದ್ದು ಯಾಕೆ?