ಹೋಟೆಲಿನ ಪ್ರಿಂಟರಿಗೆ ಧೂಪ

ನಮ್ಮೂರಿನ ಹಾಲಿನ ಡೈರಿಯ ಪ್ರಿಂಟರು ಒಂದು ಬೆಳಿಗ್ಗೆ ಗೊರ್ರೆಂದು ಸದ್ದು ಮಾಡಿ, ಅರ್ಧ ಚೀಟಿಯನ್ನು ಹೊರಗೆ ಹಾಕಿ, ಇನ್ನರ್ಧವನ್ನು ಬಾಯಲ್ಲೇ ಕಚ್ಚಿಕೊಂಡು ದೇಹತ್ಯಾಗ ಮಾಡಿತು. ಅದರ ಜೊತೆಗಿದ್ದ ಟರ್ಮಿನಲ್ಲು, ಅಂದರೆ ಹಾಲು ಹಾಕುವವರ ನಂಬರು ಒತ್ತುವ ಕೀಲಿಗಳ ಪುಟ್ಟ ಪೆಟ್ಟಿಗೆ, ಸ್ವಾಮಿನಿಷ್ಠೆಯಿಂದ ಸಂಜೆಯೊಳಗೆ ಅದನ್ನು ಹಿಂಬಾಲಿಸಿತು. ತಿಪ್ಪಸಂದ್ರದ ಕಡೆಯ ಆ ಡೈರಿಗೆ ಸೆಕ್ರೆಟರಿ ನಾನು. ಹಾಲಿನ ರೇಟು ನಿಂತಿರುವುದೇ ಫ್ಯಾಟಿನ, ಅಂದರೆ ಕೊಬ್ಬಿನಂಶದ, ಮೇಲೆ; ಅದನ್ನು ಅಳೆಯುವ ಯಂತ್ರ ನೆಟ್ಟಗೇ ಇತ್ತು. ಅದು ತೋರಿಸಿದ ಅಂಕಿಯನ್ನು ಚೀಟಿಗೆ ಇಳಿಸುವವರು ಇಲ್ಲದ್ದರಿಂದ ನಾನೇ ಪೆನ್ನು ಹಿಡಿದು ಬರೆದು ಕೊಡತೊಡಗಿದೆ.

ನನ್ನ ಅಕ್ಷರ ದುಂಡಗಿದೆ. ಅದರ ಮೇಲೆ ಅದುವರೆಗೆ ಯಾರೂ ದೂರು ಹೇಳಿರಲಿಲ್ಲ. ಆದರೆ ವಾರ ತುಂಬುವುದರೊಳಗೆ ನಮ್ಮ ಬೀದಿಯ ಒಬ್ಬ ಅಜ್ಜಿ, ಒಂದೇ ಒಂದು ಹಸುವಿನ ಯಜಮಾನಿ, ನಾನು ಬರೆದ ಚೀಟಿಯನ್ನು ನನ್ನ ಮೇಜಿನ ಮೇಲೆಯೇ ಒಗೆದಳು.

"ಏನ್ ಸೆಕ್ರೆಟ್ರಣ್ಣಾ, ಮಿಸನ್ ಇದ್ದಾಗ ನನ್ ಹಸ ನಾಕ್ ಕೊಡ್ತಿತ್ತು. ನಿನ್ ಪೆನ್ನು ಬಂದ್ಮ್ಯಾಕೆ ಮೂರೂವರೆಗ್ ಇಳ್ದುಬುಡ್ತಲ್ಲ. ಹಸ ಸೊರಗ್ತಾ, ಪೆನ್ನು ಸೊರಗ್ತಾ?"

"ಮಳೆ ಬಿದ್ದು ಹಸಿ ಹುಲ್ಲು ತಿಂದ್ರೆ ಫ್ಯಾಟ್ ಇಳೀತದೆ ಕಣಮ್ಮ. ಪರದೆ ಮೇಲೆ ಬಂದದ್ದೇ ಬರ್ದಿದ್ದೀನಿ."

"ಆ ಪರದೆ ನಿನ್ ಕಡೀಕ್ ಮುಖ ಮಾಡ್ಕಂಡ್ ಕುಂತೈತೆ. ನಮಗ್ ಕಾಣಾದು ಅದರ ಬೆನ್ನು."

ಸಾಲಿನಲ್ಲಿದ್ದವರು ನಕ್ಕರು. ಆ ನಗು ಒಳ್ಳೆಯದಲ್ಲ ಎಂದು ನನಗೆ ಗೊತ್ತು. ಮರುದಿನದಿಂದ ಪ್ರತಿಯೊಬ್ಬರೂ ಚೀಟಿಯನ್ನು ತಿರುಗಿಸಿ ಮುರುಗಿಸಿ, ಬೆಳಕಿಗೆ ಹಿಡಿದು, ಖೋಟಾ ನೋಟು ನೋಡುವಂತೆ ನೋಡಿ ಒಯ್ಯತೊಡಗಿದರು. ಈ ವಯಸ್ಸಿನಲ್ಲಿ ಹಾಲುಗಳ್ಳ ಎನಿಸಿಕೊಂಡು ಊರಿನಲ್ಲಿ ತಿರುಗಾಡುವುದು ನನ್ನಿಂದಾಗದ ಕೆಲಸ. ನನ್ನ ಹೆಸರು ಉಳಿಯಬೇಕಾದರೆ ಪ್ರಿಂಟರು ಬರಬೇಕಿತ್ತು.

ಡೈರಿಯ ಅಧ್ಯಕ್ಷ ವರಸೆಯಲ್ಲಿ ನನಗೆ ಅಳಿಯನಾಗಬೇಕು. ಅವನ ಪಿಕಪ್ಪಿನಲ್ಲಿ ಇಬ್ಬರೂ ರಾಮನಗರಕ್ಕೆ ದಂಡಯಾತ್ರೆ ಹೊರಟೆವು. ಮೊದಲು ಹೊಸ ಸಾಮಾನಿನ ಅಂಗಡಿ. ಗಾಜಿನ ಬಾಗಿಲು, ಒಳಗೆ ಮಾಘಮಾಸದ ಚಳಿ. ಪ್ಲಾಸ್ಟಿಕ್ ಹೊದ್ದು ಮಲಗಿದ್ದ ಪ್ರಿಂಟರುಗಳನ್ನು ತೋರಿಸುತ್ತ ಒಬ್ಬ ಯುವಕ 'ಸೊಲ್ಯೂಷನ್' ಎಂಬ ಪದವನ್ನು ಉಸಿರಿಗೊಮ್ಮೆ ಉಚ್ಚರಿಸಿದ. ನಮಗೆ ಬೇಕಾಗಿದ್ದುದು ಪ್ರಿಂಟರು, ಅವನಲ್ಲಿ ಇದ್ದುದು ಸೊಲ್ಯೂಷನ್. ಬೆಲೆ ಕೇಳಿದ ಅಧ್ಯಕ್ಷ, ಅಂಗಡಿಯವರು ಕೊಟ್ಟ ನೀರನ್ನು ಪೂರ್ತಿ ಕುಡಿದು ಎದ್ದ.

ಹಳೇ ಸಾಮಾನಿನ ಗೋದಾಮು ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿತ್ತು. ಬಾಗಿಲಲ್ಲೇ ಇಲಿ ಉಚ್ಚೆಯ ನಾತ ನಮ್ಮನ್ನು ಎದುರುಗೊಂಡಿತು. ಒಳಗೆ ನಮ್ಮ ಜಿಲ್ಲೆಯ ವ್ಯಾಪಾರವೆಲ್ಲ ಹೆಣವಾಗಿ ಮಲಗಿತ್ತು. ಚನ್ನಪಟ್ಟಣದ ಗೊಂಬೆ ಅಂಗಡಿಯಿಂದ ಬಂದ ಪ್ರಿಂಟರಿನ ಸಂದಿಗಳಲ್ಲಿ ಅರಗಿನ ಬಣ್ಣದ ಪುಡಿ. ಯಾವುದೋ ಔಷಧಿ ಅಂಗಡಿಯ ಟರ್ಮಿನಲ್ಲಿನ ಮೇಲೆ ಚೆಲ್ಲಿದ ಕೆಮ್ಮಿನ ಸಿರಪ್ಪು, ಅದಕ್ಕೆ ಅಂಟಿಕೊಂಡೇ ಕಾಲವಾದ ಇರುವೆಗಳ ಒಂದು ತುಂಬು ಸಂಸಾರ. ಕೀಲಿಗಳ ಮೇಲಿನ ಅಂಕಿಗಳು ಬೆರಳಿನ ಜಿಡ್ಡಿನಲ್ಲಿ ಮುಳುಗಿಹೋಗಿದ್ದವು. ಒತ್ತಿದರೆ ಕೆಳಗೆ ಹೋಗುತ್ತಿದ್ದವು, ಮೇಲೆ ಬರುವುದು ಅವುಗಳ ಇಷ್ಟ.

ಗೋದಾಮಿನ ಮಾಲೀಕನ ಬಾಯಿ ತುಂಬ ಗುಟ್ಕಾ. ಅದು ಚೆಲ್ಲಬಾರದೆಂದು ಅವನು ಸೂರು ನೋಡುತ್ತ ಮಾತಾಡುತ್ತಿದ್ದ. ಅವನ ಶಾಸ್ತ್ರದಲ್ಲಿ ಹೊಸದು, ಹೊಸದರಂಥದು, ಬಳಸಿದ್ದು ಎಂದು ಮೂರೇ ವರ್ಣಗಳು. ಸತ್ತದ್ದು ಎಂಬ ನಾಲ್ಕನೆಯದನ್ನು ಅವನು ಒಪ್ಪುತ್ತಿರಲಿಲ್ಲ.

"ಡೈರಿಗಾ ಅಣ್ಣಾ? ಎಲ್ಡ್ ಸೆಟ್ ಐತೆ, ಎರಡೂ ಹೊಸದರಂಥವೇ," ಎಂದು ತಂದಿಟ್ಟ. "ಯಾವ್ದಾದ್ರೂ ತಗಳಿ, ಡೈರಿ ಪ್ರೋಗ್ರಾಂ ನಾನೇ ತುಂಬ್ಕೊಡ್ತೀನಿ."

ಮೊದಲನೆಯ ಸೆಟ್ಟು ಅಚ್ಚುಕಟ್ಟಾಗಿತ್ತು. ಕೀಲಿಗಳು ಪಟಪಟನೆ ಎದ್ದು ಬರುತ್ತಿದ್ದವು, ಮುಚ್ಚಳ ತೆಗೆದರೆ ಒಳಗೆ ಧೂಳಿಲ್ಲ, ನಾತವಿಲ್ಲ. ಎರಡನೆಯದು ಕೈಗೆ ಅಂಟಿತು. ಅದರ ಮೈಮೇಲೆ ಸಾಂಬಾರಿನ ಹಳದಿ ಪದರ. ಪೇಪರು ಬರುವ ಸೀಳಿನಲ್ಲಿ ಒಣಗಿದ ಕರಿಬೇವಿನ ಎಲೆಯೊಂದು ಸಿಕ್ಕಿಕೊಂಡಿತ್ತು. ಮಾಲೀಕ ಒಂದು ಕಾಲದಲ್ಲಿ ಬನಿಯನ್ ಆಗಿದ್ದಿರಬಹುದಾದ ಬಟ್ಟೆಗೆ ಉಗುಳು ಮುಟ್ಟಿಸಿ ಅದನ್ನು ಒರೆಸಿದ. ಯಾವುದು ಯಾವುದನ್ನು ಕೊಳೆ ಮಾಡಿತೋ ಹೇಳುವುದು ಕಷ್ಟ.

ನಾನು ಮೊದಲನೆಯದರ ಮೇಲೆ ಕೈಯಿಟ್ಟೆ. ಅಧ್ಯಕ್ಷ ಕೇಳಿದ, "ಇದು ಎಲ್ಲೀದು?"

"ಇದು ಬಾರ್‌ದು ಅಣ್ಣಾ. ಏಸಿ ರೂಮ್ನಾಗಿತ್ತು. ಅದು ಕನಕಪುರದ ಕಡೆ ಹೋಟ್ಲುದು. ಊಟ ತಿಂಡಿ ಹೋಟ್ಲು."

ಅಧ್ಯಕ್ಷ ನನ್ನ ಕೈಯನ್ನು ಹಾವಿನ ಮೇಲಿಂದ ಎತ್ತುವಂತೆ ಎತ್ತಿದ. "ಮಾವ, ಹಾಲು ಅಂದ್ರೆ ಲಕ್ಷ್ಮಿ. ಲಕ್ಷ್ಮಿ ಇರೋ ಜಾಗಕ್ಕೆ ಬಾರ್ ಮಿಸನ್ನಾ?"

"ಅದ್ಯಾವತ್ತ್ ಕುಡೀತ್ಲಾ? ಕುಡ್ದವ್ರ ಬಿಲ್ ಬರ್ದೈತೆ ಅಷ್ಟೆ. ಆ ಹೋಟ್ಲುದ್ ಒಸಿ ಮೂಸ್ ನೋಡು."

ಅವನು ನಿಜಕ್ಕೂ ಮೂಸಿದ. "ಅನ್ನದ ವಾಸ್ನೆ ಮಾವ. ನಾಕ್ ಜನಕ್ಕೆ ಅನ್ನ ಹಾಕಿರೋ ಮಿಸನ್ನು. ಅಲ್ಲಾ, ನಿನ್ಗ್ ಯಾಕೆ ಬಾರ್‌ದ್ರ ಮ್ಯಾಗೇ ಅಷ್ಟು ಪ್ರೀತಿ? ಮನೆಗ್ ಹೋಗಿ ಅತ್ತೆಗ್ ಹೇಳ್ಲಾ?"

ಮಾಲೀಕ ನಗು ತಡೆಯಲಾರದೆ ಓಡಿಹೋಗಿ ಗಲ್ಲಿಯಲ್ಲಿ ಉಗಿದು ಬಂದ. ಹೀಗೆ ಸ್ವಚ್ಛವಾದದ್ದು ಮೈಲಿಗೆಯೆಂದೂ ಗಲೀಜಾದದ್ದು ಮಡಿಯೆಂದೂ ತೀರ್ಪಾಯಿತು. ಮಾಗಡಿ ದಾಟಿ ಊರು ಸೇರುವವರೆಗೂ ಆ ಮಡಿವಂತನನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಇಳಿದಾಗ ಪಂಚೆಯ ಮೇಲೆ ಚೌಕಾಕಾರದ ಎಣ್ಣೆ ಕಲೆ. ಅದು ಈಗಲೂ ಇದೆ, ಪಂಚೆ ನೆಲ ಒರೆಸಲು ಹೋಗಿದೆ.

ಮರುದಿನ ಬೆಳಿಗ್ಗೆ ಪ್ರತಿಷ್ಠಾಪನೆ. ಟರ್ಮಿನಲ್ಲಿನ ಹಣೆ ಯಾವುದೆಂದು ಸ್ವಲ್ಪ ಚರ್ಚೆಯಾಗಿ, ಕೊನೆಗೆ ಸೊನ್ನೆಯ ಕೀಲಿಯ ಮೇಲೆ ಕುಂಕುಮ ಬಿತ್ತು. ಪ್ರಿಂಟರಿಗೆ ಚೆಂಡುಹೂವಿನ ಹಾರ. ಮೊದಲ ಹಾಲು ಆ ಒಂಟಿ ಹಸುವಿನ ಅಜ್ಜಿಯದೇ ಆಗಲಿ ಎಂದು ನಾನೇ ಹಟ ಹಿಡಿದೆ. ಯಂತ್ರವೂ ನನ್ನ ಪೆನ್ನೂ ಒಂದೇ ಮಾತು ಹೇಳುವುದನ್ನು ಊರೆಲ್ಲ ಕಣ್ಣಾರೆ ಕಾಣಲಿ ಎಂಬುದು ನನ್ನ ಆಸೆ.

ಆಕೆಯ ಹಾಲನ್ನು ತೂಕದ ಪಾತ್ರೆಗೆ ಸುರಿದದ್ದಾಯಿತು. ಫ್ಯಾಟ್ ಯಂತ್ರಕ್ಕೆ ಒಂದಿಷ್ಟು ಕುಡಿಸಿದ್ದಾಯಿತು. ನಾನು ನಂಬರು ಒತ್ತಿದೆ. ಪ್ರಿಂಟರು ಗೊಣಗಿ ಎಚ್ಚರವಾಯಿತು. ಮೊದಲ ಚೀಟಿ ಧೂಪದಲ್ಲೇ ಹುಟ್ಟಬೇಕೆಂದು ಅಧ್ಯಕ್ಷ ಸಾಂಬ್ರಾಣಿ ಹೊಗೆಯ ತಟ್ಟೆಯನ್ನು ಅದರ ಬಾಯಿಗೇ ಹಿಡಿದು, ಟವೆಲಿನಿಂದ ಬೀಸಿದ.

ಚೀಟಿ ಬಂತು. ಚೀಟಿಯ ಹಿಂದೆ ಒಂದು ಜಿರಳೆ ಬಂತು. ಅದು ಮೀಸೆ ಅಲ್ಲಾಡಿಸಿ ಸಭೆಯನ್ನೊಮ್ಮೆ ಅವಲೋಕಿಸುವಷ್ಟರಲ್ಲಿ ಹಿಂದಿನಿಂದ ಅದರ ಬಂಧುಬಳಗ ತಳ್ಳಿಕೊಂಡು ಬಂತು. ಸೀಳಿನಿಂದ, ಕೀಲಿಗಳ ಸಂದಿಯಿಂದ, ಹಾರದ ಹೂಗಳ ನಡುವಿನಿಂದ, ಕಂದು ಬಣ್ಣದವು, ಇನ್ನೂ ಬಣ್ಣ ಬರದ ಬಿಳಿಚಿದ ಮರಿಗಳು, ಬಸುರಿಯರು. ಕನಕಪುರದ ಆ ಹೋಟೆಲಿನ ಅನ್ನ ತಿಂದು ಬೆಳೆದ ಸಕಲ ಪರಿವಾರವೂ ಹೊಗೆ ತಾಳದೆ ಮೇಜಿನಿಂದ ಧುಮುಕಿತು. ಧುಮುಕಿದ ಜಾಗದಲ್ಲಿ ತೂಕದ ಪಾತ್ರೆಯಿತ್ತು. ಕೆಲವು ಮುಳುಗಿದವು, ಕೆಲವು ಈಜಿದವು. ಒಂದು, ಈಜುತ್ತಿದ್ದುದರ ಬೆನ್ನ ಮೇಲೆ ಹತ್ತಿ ಕೂತಿತು.

ನಾನು ಪಾತ್ರೆಯನ್ನು ಮೇಜಿನ ಬುಡದಿಂದ ಈಚೆಗೆ ಎಳೆದೆ.

"ಏನೂ ಆಗಿಲ್ಲ, ಏನೂ ಆಗಿಲ್ಲ," ಎಂದ ಅಧ್ಯಕ್ಷ, ಕಾಲಿನಿಂದ ಎರಡನ್ನು ಹೊಸಕುತ್ತ. "ಸೋಸಿದ್ರಾಯ್ತು ಮಾವ. ಹೆಂಗೂ ಕಾಯಿಸ್ತಾರೆ."

"ಕಾಯ್ಸಿ ನಿನ್ ಮಕ್ಳಿಗ್ ಕುಡಿಸ್ತೀಯೇನ್ಲಾ?"

"ಟ್ಯಾಂಕರ್ನಾಗ್ ಹೋಯ್ತದೆ ಬುಡು, ಯಾರ್ ನೋಡ್ತಾರೆ."

ಆ ಮಾತು ಜಿರಳೆಗಳಿಗಿಂತ ಹೇಸಿಗೆಯಾಗಿತ್ತು. ಪಾತ್ರೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಮುಖ ತಿರುಗಿಸಿಕೊಂಡು, ಹೊರಗೆ ತಿಪ್ಪೆಗೆ ಸುರಿದು ಬಂದೆ. ಹಿಂದೆಯೇ ನಾಯಿಗಳು ಓಡಿದವು. ಅವಕ್ಕೆ ಕಮಿಟಿಯ ತೀರ್ಮಾನ ಬೇಕಿಲ್ಲ.

ಒಳಗೆ ಬಂದರೆ ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಇನ್ನು ನನ್ನ ವಂಶೋದ್ಧಾರವಾಗುತ್ತದೆ ಎಂದು ತಲೆ ತಗ್ಗಿಸಿದೆ.

"ನನ್ ಚೀಟಿ ಕೊಡಣ್ಣ."

"ಹಾಲು ಚೆಲ್ಲಿ ಬಂದೆ ಕಣಮ್ಮ."

"ಚೆಲ್ಲಿದ್ದು ನೀನು. ಅಳ್ದಿದ್ದು ಮಿಸನ್ನು. ಹರ್ಕೊಡು ಚೀಟಿ."

ನ್ಯಾಯವಾದ ಮಾತು. ಪ್ರಿಂಟರಿನ ಬಾಯಿಂದ ಇನ್ನೂ ಜೋತಾಡುತ್ತಿದ್ದ ಚೀಟಿಯನ್ನು ಉಗುರಿನ ತುದಿಯಲ್ಲಿ ಹಿಡಿದು ಹರಿದು, ಅದರ ಮೇಲಿದ್ದ ಒಂದು ಬಿಡಿ ಕಾಲನ್ನು ಊದಿ, ಕೊಟ್ಟೆ. ಆಕೆಗೆ ಓದು ಬಾರದು. ಹಿಂದೆ ನಿಂತಿದ್ದವನ ಮೂಗಿಗೆ ಹಿಡಿದಳು.

"ಮೂರೂವರೆ," ಎಂದು ಅವನು ಓದಿದ.

ಹಿಂದಿನ ಸಂಜೆ ನನ್ನ ಪೆನ್ನು ಬರೆದದ್ದೂ ಅದೇ ಮೂರೂವರೆ. ನಾನು ಎದೆ ಸೆಟೆಸಿ, ಆಕೆ ಅದನ್ನು ಹೇಳಲಿ ಎಂದು ಕಾದೆ. ಊರೂ ಕಾದಿತ್ತು.

"ಮೂರೂವರೆನಾ? ಸರಿ ಬುಡು. ಹಸಿ ಹುಲ್ಲು ತಿಂತೈತೆ, ಇನ್ನೆಷ್ಟ್ ಬಂದಾತು," ಎಂದಳು ಆಕೆ, ಪರಮ ಸಮಾಧಾನದಿಂದ. ನನ್ನ ಪೆನ್ನಿನ ಪ್ರಸ್ತಾಪವೇ ಬರಲಿಲ್ಲ. "ಕೆಳೀಕ್ ಇನ್ನೊಂದೇನೋ ಬರ್ದಂಗೈತಲ್ಲ, ಅದೇನ್ಲಾ?"

ಡೈರಿ ಪ್ರೋಗ್ರಾಂ ತುಂಬಿದ ಗುಟ್ಕಾದ ಮಹಾಶಯ ಹೋಟೆಲಿನ ಬಿಲ್ಲಿನ ಕೊನೆಯ ಸಾಲನ್ನು ಅಳಿಸುವುದನ್ನು ಮರೆತಿದ್ದ. ಹಿಂದೆ ನಿಂತಿದ್ದವನು ಓದಿದ, "ಧನ್ಯವಾದಗಳು, ಮತ್ತೆ ಬನ್ನಿ, ಅಂತೈತೆ."

ಆಕೆ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಎಲೆಅಡಿಕೆ ಚೀಲದೊಳಗೆ ಜೋಪಾನವಾಗಿ ಇಟ್ಟುಕೊಂಡಳು. ಆಮೇಲೆ ನನ್ನನ್ನು ಕೆಳಗಿನಿಂದ ಮೇಲಕ್ಕೆ ಒಮ್ಮೆ ನೋಡಿದಳು.

"ನಿನ್ ಪೆನ್ನು ಒಂದಿನಾನಾದ್ರೂ ಹಿಂಗ್ ಅಂದಿತ್ತಾ ಸೆಕ್ರೆಟ್ರಣ್ಣಾ?"