ತೆರೆಯನ್ನು ನಂಬದ ಮೇಷ್ಟ್ರು

ನಮ್ಮ ಹರಪನಹಳ್ಳಿ ಕಾಲೇಜಿನ ತರ್ಕಶಾಸ್ತ್ರದ ಪಾಲಾಕ್ಷಪ್ಪ ಮೇಷ್ಟ್ರು ಟಾಕೀಸಿಗೆ ಹೋಗುವುದು ಸಿನಿಮಾ ನೋಡಲಿಕ್ಕಲ್ಲ, ಅದನ್ನು ವಿಚಾರಣೆ ಮಾಡಲಿಕ್ಕೆ. ತೆರೆಯ ಮೇಲಿನ ಒಂದೊಂದು ಚಿತ್ರವನ್ನೂ ಪ್ರತ್ಯಕ್ಷ, ಅನುಮಾನ, ಭ್ರಾಂತಿ ಎಂದು ವಿಂಗಡಿಸಿ ಟಿಕೆಟಿನ ಹಿಂಬದಿಗೆ ಬರೆದುಕೊಳ್ಳುತ್ತಾರೆ. ಗುಡ್ಡದಾಚೆ ಹೊಗೆ ಎದ್ದರೆ, "ಬೆಂಕಿ ತೋರಿಸ್ಯಾನೇನು? ಇದು ಬರೀ ಅನುಮಾನ" ಎನ್ನುತ್ತಾರೆ. ನಾಯಕಿ ಅತ್ತರೆ, "ಗ್ಲಿಸರಿನ್. ಭ್ರಾಂತಿ." ಹಿಂದಿನ ಸಾಲಿನವರು, "ಸುಮ್ಕ ಕುಂದರ್ರಿ ಮೇಷ್ಟ್ರೇ, ನಮಗರ ಅಳಾಕ ಬಿಡ್ರಿ" ಎಂದು ಗದರುತ್ತಾರೆ. ಪ್ರತ್ಯಕ್ಷದ ಕೆಳಗೆ ಅವರು ಇದುವರೆಗೆ ಬರೆದಿರುವುದು ತೆರೆಯ ಮೇಲೆ ಹರಿದುಹೋದ ಒಂದು ಹಲ್ಲಿಯನ್ನು ಮಾತ್ರ. ಇಂಥವರು ಈ ವಾರ ಒಂದೇ ಚಿತ್ರಕ್ಕೆ ಐದು ಸಲ ಹೋದರು. ಆರನೆಯ ಸಲ, ಅವರ ಮಗಳು ಶ್ರುತಿಯ ಜೊತೆ ಓದಿದ ನನ್ನನ್ನೂ ಕರೆದೊಯ್ದರು. ಶ್ರುತಿ ಅಪ್ಪನೊಡನೆ ಜಗಳವಾಡಿ ಮನೆ ಬಿಟ್ಟು ಮೂರು ವರ್ಷ. ಬದುಕಿದ್ದಾಳೋ ಇಲ್ಲವೋ ಸುದ್ದಿಯಿಲ್ಲ. ಸಂತೆಯ ದೃಶ್ಯದಲ್ಲಿ ಹಸಿರು ದಾವಣಿಯ ಹುಡುಗಿಯೊಬ್ಬಳು ಗುಂಪಿನ ನಡುವೆ ಹಾದುಹೋದಳು. "ಅಕಿನ ಅಲ್ಲೇನವ್ವ? ನನ್ನ ಕಣ್ಣು ನಾನು ನಂಬಂಗಿಲ್ಲ. ನಂಬಿಕಸ್ತರ ಮಾತೂ ಒಂದು ಪ್ರಮಾಣ ಐತಿ, ನೀನು ಹೇಳು" ಎಂದರು. ನನಗೆ ಕಂಡದ್ದು ಅವಳ ಬೆನ್ನು ಮಾತ್ರ. "ಹೌದ್ರಿ ಸರ್, ಶ್ರುತಿನ" ಎಂದೆ.